ರಾತ್ರಿಯಿಡೀ ಕೇಳುವ ರೆಕಾರ್ಡರ್: ಗೂಬೆಯ ಅರ್ಧ ಸಂಸಾರ ಇದರಲ್ಲಿದೆ

ಗೂಬೆ ನೋಡಬೇಕು ಅಂತ ಈ ಯಂತ್ರ ತೆಗೆದುಕೊಳ್ಳಬೇಡಿ. ಇದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ಗಂಡುಗೂಬೆ ಹೆಣ್ಣನ್ನು ಹೇಗೆ ಕರೆಯುತ್ತದೆ, ಸಿಕ್ಕಿದ ಮೇಲೆ ಹೇಗೆ ಉಳಿಸಿಕೊಳ್ಳುತ್ತದೆ ಅನ್ನುವ ಕುತೂಹಲ ಇದ್ದವರಿಗೆ ಮಾತ್ರ ಇದು ಒಳ್ಳೆಯ ಸಂಗಾತಿ. ಆ ಕಥೆಯ ಅರ್ಧವನ್ನು ಈ ಅಂಗೈಯಗಲದ ಡಬ್ಬಿ ಚೆನ್ನಾಗಿ ಹಿಡಿದುಕೊಡುತ್ತದೆ. ಉಳಿದರ್ಧಕ್ಕೆ ನೀವೇ ಹೋಗಿ ಕೂರಬೇಕು. ನಾನು ಇದನ್ನು ಗೂಬೆಗಳಿಗಾಗಿಯೇ ತೆಗೆದುಕೊಂಡೆ, ಬೇರೆ ಯಾವುದಕ್ಕೂ ಬಳಸಿಲ್ಲ. ಹಾಗಾಗಿ ವಿಮರ್ಶೆಯೂ ಗೂಬೆಯ ಕಡೆಯಿಂದಲೇ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ನಮೂನೆಯ ರೆಕಾರ್ಡರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ಒಳಗೆ ಏನಿದೆ ಅಂದರೆ ಒಂದು ಪುಟ್ಟ ಮೈಕ್, ಒಂದು ಮೆಮೊರಿ ಕಾರ್ಡ್, ಮೂರು ಡಬಲ್ ಎ ಬ್ಯಾಟರಿ. ಪರದೆ ಇಲ್ಲ, ಸ್ಪೀಕರ್ ಇಲ್ಲ. ಯಾವಾಗ ಏಳಬೇಕು, ಯಾವಾಗ ಮಲಗಬೇಕು ಅಂತ ಕಂಪ್ಯೂಟರಿಗೆ ಜೋಡಿಸಿ ಹೇಳಿಕೊಡಬೇಕು. ಆಮೇಲೆ ಮರಕ್ಕೆ ಪಟ್ಟಿ ಕಟ್ಟಿ ಬಿಟ್ಟು ಬಂದರೆ ಆಯಿತು. ನಾನು ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲಿನಿಂದ ಹುಟ್ಟಿದ ಅರ್ಧ ಗಂಟೆಯವರೆಗೆ ಇಡುತ್ತೇನೆ. ಗೂಬೆಗಳ ಮುಖ್ಯ ಮಾತುಕತೆ ಈ ಎರಡು ಸಂಧಿಕಾಲದಲ್ಲೇ ಜಾಸ್ತಿ. ನಡುರಾತ್ರಿ ಬೇಟೆಯ ಹೊತ್ತು, ಆಗ ಅವು ಅಷ್ಟೊಂದು ಬಾಯಿ ಬಿಡುವುದಿಲ್ಲ.

ಸೆಟ್ಟಿಂಗ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದರೆ ಕೈಪಿಡಿಯಲ್ಲಿ ಗೂಬೆಯ ಮಾತೇ ಇಲ್ಲ. ಬಾವಲಿ ಮತ್ತು ಹಗಲ ಹಕ್ಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಬಾವಲಿಗೆ ಬಹಳ ಎತ್ತರದ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕು ಅನ್ನುವ ಲೆಕ್ಕ) ಬೇಕು. ಗೂಬೆಗೆ ಬೇಡ. ದರ ಎಷ್ಟಿರುತ್ತದೋ ಅದರ ಅರ್ಧದಷ್ಟು ಆವರ್ತನದವರೆಗೆ, ಅಂದರೆ ಅಷ್ಟು ಎತ್ತರದ ಸ್ವರದವರೆಗೆ, ಮಾತ್ರ ಧ್ವನಿ ದಾಖಲಾಗುತ್ತದೆ. 16 ಕಿಲೋಹರ್ಟ್ಜ್ ಇಟ್ಟರೆ 8 ಕಿಲೋಹರ್ಟ್ಜ್‌ವರೆಗಿನದು ಸಿಗುತ್ತದೆ, ಗೂಬೆಗೆ ಅಷ್ಟು ಸಾಕು. ಈ ದರದಲ್ಲಿ ಒಂದು ಗಂಟೆಗೆ ಸುಮಾರು 115 ಎಂಬಿ, 12 ಗಂಟೆಯ ರಾತ್ರಿಗೆ 1.4 ಜಿಬಿ ಆಗುತ್ತದೆ. 32 ಜಿಬಿ ಕಾರ್ಡ್ ಹಾಕಿದರೆ ಮೂರು ವಾರ ನಿಶ್ಚಿಂತೆ. 48 ಕಿಲೋಹರ್ಟ್ಜ್ ಇಟ್ಟರೆ ಅದೇ ರಾತ್ರಿ 4 ಜಿಬಿ ದಾಟುತ್ತದೆ, ಲಾಭ ಏನೂ ಇಲ್ಲ.

ನಿಜವಾದ ತೊಂದರೆ ಇರುವುದು ಫಿಲ್ಟರ್‌ನಲ್ಲಿ. ಗಾಳಿಯ ಗುಡುಗುಡು ಬರಬಾರದು ಅಂತ ಕಾರ್ಖಾನೆಯಿಂದಲೇ 500 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸುವಂತೆ ಮಾಡಿ ಕಳಿಸಿದ್ದಾರೆ. ಹಗಲ ಹಕ್ಕಿಗೆ ಸರಿ. ಆದರೆ ದೊಡ್ಡ ಕೊಂಬಿನ ಗೂಬೆಗಳ ಹೂಂಕಾರ ಇರುವುದೇ 300 ಹರ್ಟ್ಜ್ ಆಸುಪಾಸಿನಲ್ಲಿ. ದೊಡ್ಡ ಮೀನುಗೂಬೆಗಳದು ಇನ್ನೂ ಕೆಳಗೆ. ತಗ್ಗಿನ ಸ್ವರ ಎಲೆ, ಕೊಂಬೆಗಳಿಗೆ ಹೆಚ್ಚು ಸಿಕ್ಕಿಬೀಳದೆ ದೂರ ಸಾಗುತ್ತದೆ. ದೊಡ್ಡ ಗಡಿ ಕಾಯುವ ಹಕ್ಕಿಗೆ ಅದು ಬೇಕು. ಅಂದರೆ ಈ ಫಿಲ್ಟರ್ ಗಾಳಿಯ ಜೊತೆಗೆ ಗಂಡುಗೂಬೆಯನ್ನೂ ಗುಡಿಸಿ ಆಚೆ ಹಾಕುತ್ತದೆ! ಮೊದಲು ಅದನ್ನು ಆಫ್ ಮಾಡಿ. ಗಾಳಿಗೆ ಬೇಕಾದರೆ ಮೈಕ್ ಮೇಲೆ ತೆಳ್ಳನೆಯ ಸ್ಪಂಜ್ ಇಡಿ, ಕೊಂಬೆಯ ತುದಿ ಬಿಟ್ಟು ದಪ್ಪ ಕಾಂಡಕ್ಕೆ ಕಟ್ಟಿ.

ಸೆಟ್ಟಿಂಗ್ ಸರಿಯಾದ ಮೇಲೆ ಸಿಗುವುದು ನಿಜಕ್ಕೂ ಬೆರಗು. ಫೈಲನ್ನು ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದು ಸ್ಪೆಕ್ಟ್ರೋಗ್ರಾಮ್ ಹಾಕಿಕೊಂಡರೆ ಧ್ವನಿ ಚಿತ್ರವಾಗುತ್ತದೆ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಕೊಂಬಿನ ಗೂಬೆಯ ಜೋಡಿ ಕೂಗುವಾಗ ಒಂದೇ ಹಕ್ಕಿ ಕೂಗಿದ ಹಾಗೆ ಕಿವಿಗೆ ಅನ್ನಿಸಬಹುದು. ಚಿತ್ರದಲ್ಲಿ ಎರಡು ಸಾಲು ಬೇರೆ ಬೇರೆ ಎತ್ತರದಲ್ಲಿ ನಿಲ್ಲುತ್ತವೆ. ಕೆಳಗಿನ ಸಾಲು ಗಂಡಿನದು, ಮೇಲಿನದು ಹೆಣ್ಣಿನದು. ತಮಾಷೆ ಏನೆಂದರೆ ಬಹುಪಾಲು ಗೂಬೆಗಳಲ್ಲಿ ಮೈ ದೊಡ್ಡದಿರುವುದು ಹೆಣ್ಣಿನದು. ಸಾಮಾನ್ಯವಾಗಿ ದೊಡ್ಡ ಮೈಗೆ ದಪ್ಪ ದನಿ ಅಲ್ವಾ? ಇಲ್ಲಿ ಉಲ್ಟಾ. ಅಮೆರಿಕದ ಕೊಂಬಿನ ಗೂಬೆಯಲ್ಲಿ ಗಂಡಿನ ಮೈ ಚಿಕ್ಕದಾದರೂ ಅದರ ಧ್ವನಿಪೆಟ್ಟಿಗೆ ಹೆಣ್ಣಿನದಕ್ಕಿಂತ ದೊಡ್ಡದು. ಹಾಗಾಗಿ ಅದರ ದನಿಯೇ ತಗ್ಗು.

ಈ ಜೋಡಿಗಾನ ಪ್ರಣಯದ ಶುರುವಿಗೆ ಮಾತ್ರ ಅಂದುಕೊಳ್ಳಬೇಡಿ. ಅದು ಜೋಡಿಯಾದ ಮೇಲೂ ನಡೆಯುತ್ತಲೇ ಇರುತ್ತದೆ. ಈ ಜಾಗ ನಮ್ಮದು, ನಾವು ಇಬ್ಬರೂ ಇದ್ದೇವೆ ಅಂತ ಪಕ್ಕದವರಿಗೆ ಸಾರುವುದು ಒಂದು ಕೆಲಸ. ಕತ್ತಲಲ್ಲಿ ದೂರ ದೂರ ಕೂತಿದ್ದರೂ ನಾನಿಲ್ಲಿದ್ದೇನೆ ಅಂತ ಒಬ್ಬರಿಗೊಬ್ಬರು ತಿಳಿಸುವುದು ಇನ್ನೊಂದು. ಈಶಾನ್ಯ ಏಷ್ಯಾದ ಬ್ಲೇಕಿಸ್ಟನ್ ಮೀನುಗೂಬೆಯ ಜೋಡಿ ಸ್ವರಗಳನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತದೆ ಅಂದರೆ ಕೇಳಿದವರು ಒಂದೇ ಹಕ್ಕಿ ಅಂತಲೇ ನಂಬುತ್ತಾರೆ. ಯುರೋಪಿನ ಟಾನಿ ಗೂಬೆಯದೂ ಇದೇ ಕಥೆ. 'ಕೀವಿಕ್' ಅನ್ನುವ ಚುರುಕು ಕರೆ ಹೆಚ್ಚಾಗಿ ಹೆಣ್ಣಿನದು, ನಡುಗುವ ಉದ್ದನೆಯ 'ಹೂಊಊ' ಗಂಡಿನದು. ಎರಡನ್ನೂ ಸೇರಿಸಿ ಒಂದೇ ಗೂಬೆಯ ಕೂಗು ಅಂತ ಮಕ್ಕಳಿಗೆ ಹೇಳಿಕೊಡುವವರು ಈಗಲೂ ಇದ್ದಾರೆ. ಇಂಥ ದಾಖಲೆಗಳನ್ನು ಕೇಳಬೇಕಾದರೆ ಜೀನೋ-ಕ್ಯಾಂಟೋ ಅನ್ನುವ ಮುಕ್ತ ಧ್ವನಿಭಂಡಾರ ಇದೆ, 2005ರಿಂದ ನಡೆಯುತ್ತಿದೆ. ನಾನು ನನ್ನ ರೆಕಾರ್ಡಿಂಗನ್ನು ಅಲ್ಲಿನದರ ಪಕ್ಕ ಇಟ್ಟು ಹೋಲಿಸುತ್ತೇನೆ. ಮೈಕ್‌ನ ಗುಣಮಟ್ಟದ ಬಗ್ಗೆ ನನಗೆ ದೂರು ಇಲ್ಲದಿರುವುದು ಅದರಿಂದಲೇ. ತಗ್ಗಿನ ಸ್ವರ ಕೂಡ ಮಸುಕಾಗದೆ ಬರುತ್ತದೆ.

ತಾನೇ ಹಕ್ಕಿ ಗುರುತಿಸುವ ತಂತ್ರಾಂಶಗಳ ಬಗ್ಗೆ ಒಂದು ಮಾತು. ಬರ್ಡ್‌ನೆಟ್ ಧ್ವನಿಯನ್ನು 3 ಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ಸಾವಿರಾರು ಗಂಟೆಯ ಕಡತದಲ್ಲಿ ಗೂಬೆ ಎಲ್ಲಿದೆ ಅಂತ ಹುಡುಕಲು ಅದು ಬಹಳ ಉಪಯೋಗ. ಆದರೆ ಟಾನಿ ಗೂಬೆಯ ಗಂಡು ಒಂದು ಸಲ ಕೂಗಿ, ಕೆಲವು ಸೆಕೆಂಡು ಸುಮ್ಮನಿದ್ದು, ಆಮೇಲೆ ಉಳಿದ ಸಾಲು ಮುಗಿಸುತ್ತದೆ. 3 ಸೆಕೆಂಡಿನ ಕಿಟಕಿಯಲ್ಲಿ ಆ ಸಾಲು ಎರಡು ತುಂಡಾಗುತ್ತದೆ. ಯಾರು ಕೂಗಿದರು, ಯಾರು ಉತ್ತರ ಕೊಟ್ಟರು ಅನ್ನುವುದು ಬೇಕಾದರೆ ತಂತ್ರಾಂಶ ತೋರಿಸಿದ ಜಾಗಕ್ಕೆ ಹೋಗಿ ಹಿಂದೆ ಮುಂದೆ ಒಂದೆರಡು ನಿಮಿಷ ಕಿವಿಯಿಂದಲೇ ಕೇಳಬೇಕು. ಬೇರೆ ದಾರಿ ಇಲ್ಲ.

ಈಗ ಈ ಯಂತ್ರದ ಅಸಲಿ ಗುಣಕ್ಕೆ ಬರುತ್ತೇನೆ. ಇದು ಮೌನವನ್ನೂ ದಾಖಲಿಸುತ್ತದೆ. ಮನುಷ್ಯ ಹೋಗಿ ಒಂದು ಗಂಟೆ ಕೂತು ಏನೂ ಕೇಳದೆ ಬಂದರೆ ಅದು ಬರಿಗೈ. ರೆಕಾರ್ಡರ್ ವಾರಗಟ್ಟಲೆ ಕೂತು ಏನೂ ಕೇಳದಿದ್ದರೆ ಅದು ಸುದ್ದಿ. ಉತ್ತರದ ಸೂಚಿಪರ್ಣಿ ಕಾಡುಗಳ ಟೆಂಗ್‌ಮಾಲ್ಮ್ ಗೂಬೆ ಇದಕ್ಕೆ ಒಳ್ಳೆಯ ಉದಾಹರಣೆ. ಗಂಡು ಒಂದು ಪೊಟರೆ ಹಿಡಿದು ರಾತ್ರಿಯೆಲ್ಲ ಹಾಡುತ್ತದೆ. ಹೆಣ್ಣು ಸಿಕ್ಕಿದ ಮೇಲೆ ಹಾಡು ಧಡಕ್ಕನೆ ಇಳಿಯುತ್ತದೆ. ಋತು ಮುಗಿಯುವವರೆಗೂ ಎಡೆಬಿಡದೆ ಹಾಡುತ್ತಿರುವುದು ಸಾಮಾನ್ಯವಾಗಿ ಜೋಡಿ ಸಿಗದ ಬ್ರಹ್ಮಚಾರಿ! ಅಂದರೆ ಕಾರ್ಡಿನಲ್ಲಿ ಅತಿ ಹೆಚ್ಚು ಜಾಗ ತಿಂದಿರುವ ಗಂಡು ಗೆದ್ದವನಲ್ಲ. ಇಲಿ ಸಮೃದ್ಧಿಯ ವರ್ಷದಲ್ಲಿ ಕಥೆ ಇನ್ನೂ ಸಿಕ್ಕಾಗುತ್ತದೆ. ಒಂದು ಹೆಣ್ಣು ಮೊಟ್ಟೆಯ ಮೇಲೆ ಕೂತಿರುವಾಗ ಕೆಲವು ಗಂಡುಗಳು ಇನ್ನೊಂದು ಪೊಟರೆಯ ಮುಂದೆ ಮತ್ತೆ ಹಾಡಲು ಶುರು ಮಾಡುತ್ತವೆ, ಎರಡನೆಯವಳಿಗಾಗಿ. ಕೂಗಿನ ಎಣಿಕೆಯನ್ನು ತಾರೀಕಿನ ಮುಂದೆ ಹಾಕಿ ನೋಡದಿದ್ದರೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಆ ಎಣಿಕೆಯನ್ನು ಕೊಡುವುದರಲ್ಲಿ ಈ ರೆಕಾರ್ಡರಿಗೆ ಪೂರ್ತಿ ಅಂಕ.

ನಾನು ಕೇಳುತ್ತಿರುವ ಜೋಡಿ ಕಣಜ ಗೂಬೆಯದು, ಒಂದು ಹಳೇ ಕಟ್ಟಡದ ಮಾಡಿನಲ್ಲಿದೆ. ಕಣಜ ಗೂಬೆ ಹೂಂಕರಿಸುವುದಿಲ್ಲ, ಕಿರುಚುತ್ತದೆ. ಜೋಡಿ ಕೂಡುವ ಕಾಲದಲ್ಲಿ ಗಂಡು ಹಾರುತ್ತಾ ಕಿರುಚುತ್ತದೆ, ಹೆಣ್ಣಿನ ಹಿಂದೆ ಬೀಳುತ್ತದೆ, ಅವಳೂ ಕಿರುಚುತ್ತಾಳೆ. ಅಕ್ಕಪಕ್ಕದವರಿಗೆ ಅದು ಹೆದರಿಕೆ, ನನಗೆ ಅದು ಹಬ್ಬ. ಕ್ರಮೇಣ ಕಿರುಚಾಟ ಕಡಿಮೆಯಾಗಿ ಗೊರಕೆಯಂಥ ಒಂದು ಸದ್ದು ಜಾಸ್ತಿಯಾಯಿತು. ಅದು ಹೆಣ್ಣು ಊಟ ಕೇಳುವ ದನಿ. ಗಂಡು ಇಲಿ ತಂದಾಗ ಗೊರಕೆ ನಿಂತು ಚಿಲಿಪಿಲಿ ಅನ್ನುವ ಸಣ್ಣ ಸದ್ದು ಬರುತ್ತದೆ. ಫೈಲುಗಳಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ. ಪ್ರೇಮ ಅಂತ ನಾವು ಯಾವುದನ್ನು ಕರೆಯುತ್ತೇವೋ ಅದರ ಲೆಕ್ಕಪತ್ರ ಇಲ್ಲಿದೆ. ಮೊಟ್ಟೆಗೆ ಕಾವು ಕೊಡುವುದು ಹೆಣ್ಣೊಂದೇ, ಸುಮಾರು 30 ದಿನ. ಆ ದಿನಗಳಲ್ಲಿ ಅವಳ ಹೊಟ್ಟೆ ತುಂಬಿಸುವುದು ಗಂಡಿನ ಕೆಲಸ. ಅವನು ಬೇಟೆಯಲ್ಲಿ ದಡ್ಡನಾದರೆ ಇಡೀ ಸಂಸಾರ ಮುಳುಗುತ್ತದೆ. ಹಾಗಾಗಿ ಮೊಟ್ಟೆಗೆ ಮುಂಚೆಯೇ ತಂದು ತಂದು ಕೊಡುತ್ತಾನೆ. ಅವಳು ತಿನ್ನುವುದಕ್ಕಿಂತ ಹೆಚ್ಚೇ ಗೂಡಿನಲ್ಲಿ ಕೂಡಿಬೀಳುವುದೂ ಉಂಟು. ಮಿಲನ ಕೂಡ ಮೊಟ್ಟೆಯಿಟ್ಟ ಮೇಲೆ ನಿಲ್ಲುವುದಿಲ್ಲ, ಮುಂದುವರಿಯುತ್ತದೆ. ಮರಿಗಳು ಕೈಗೂಡದ ಜೋಡಿಗಳಲ್ಲಿ ಬಿಟ್ಟುಹೋಗುವುದೂ ಇದೆ. ಜೀವಮಾನದ ಜೋಡಿ ಅನ್ನುವ ಮಾತನ್ನು ಗೂಬೆಗಳ ವಿಷಯದಲ್ಲಿ ಸುಮ್ನೆ ಎಲ್ಲದಕ್ಕೂ ಅಂಟಿಸಬಾರದು.

ಇನ್ನೊಂದು ಒಳ್ಳೆಯ ಗುಣ, ಇದು ಸ್ವರದ ಎತ್ತರವನ್ನು ನಂಬುವಷ್ಟು ಸರಿಯಾಗಿ ದಾಖಲಿಸುತ್ತದೆ. ಇದು ಯಾಕೆ ಮುಖ್ಯ ಅಂದರೆ, ಯುರೋಪಿನ ಸ್ಕಾಪ್ಸ್ ಗೂಬೆಯ ಮೇಲೆ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೂಕ ಹೆಚ್ಚಿರುವ ಗಂಡಿನ ಕೂಗು ಹೆಚ್ಚು ತಗ್ಗಿನಲ್ಲಿರುತ್ತದೆ. ಈ ಗೂಬೆ ಎರಡು ಮೂರು ಸೆಕೆಂಡಿಗೊಮ್ಮೆ ಒಂದೇ ಸ್ವರ ಊದುವ ಹಕ್ಕಿ, ನೋಡಲು ಮುಷ್ಟಿಯಷ್ಟು. ಕೇಳುವವರಿಗೆ ಬೇಸರ ಬರಿಸುವ ಆ ಒಂದು ಸ್ವರದಲ್ಲೇ ಅವನ ಮೈಕಟ್ಟಿನ ವಿವರ ಇದೆ. ಕತ್ತಲಲ್ಲಿ ಮುಖ ನೋಡದೆ ತೂಕ ತಿಳಿಯುತ್ತದೆ ಅಂದರೆ ಹೆಣ್ಣಿಗೂ ಲಾಭ, ಜಗಳಕ್ಕೆ ಬರುವ ಗಂಡಿಗೂ ಲಾಭ.

ಇಲ್ಲಿಗೆ ಹೊಗಳಿಕೆ ಮುಗಿಯಿತು. ಚಲನೆ ಇದಕ್ಕೆ ಒಂಚೂರೂ ಸಿಗುವುದಿಲ್ಲ, ಮತ್ತು ಗೂಬೆಯ ಪ್ರಣಯದಲ್ಲಿ ಚಲನೆ ಸಣ್ಣ ವಿಷಯವಲ್ಲ. ಗೂಬೆಯ ರೆಕ್ಕೆಯ ಮುಂದಂಚಿನಲ್ಲಿ ಬಾಚಣಿಗೆಯ ಹಲ್ಲುಗಳಿವೆ, ಹಿಂದಂಚಿನಲ್ಲಿ ಮೃದುವಾದ ಕುಚ್ಚು, ಮೇಲ್ಮೈಯಲ್ಲಿ ನವಿರು ತುಪ್ಪಳ. ಹಾರಾಟದ ಸದ್ದನ್ನು ನುಂಗುವುದಕ್ಕೇ ಇಷ್ಟೆಲ್ಲ. ನನ್ನ ಕಣಜ ಗೂಬೆಯ ಗಂಡು ಹೆಣ್ಣಿನ ಮುಂದೆ ಕಾಲು ಇಳಿಬಿಟ್ಟುಕೊಂಡು ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಲ್ಲುವುದನ್ನು ದುರ್ಬೀನಿನಲ್ಲಿ ನೋಡಿದ್ದೇನೆ. ಅದೇ ಸಂಜೆಯ ಫೈಲಿನಲ್ಲಿ ಆ ಹೊತ್ತಿಗೆ ಇರುವುದು ಜೀರುಂಡೆ ಮಾತ್ರ. ಇಡೀ ಪ್ರದರ್ಶನದ ಗುರುತೇ ಇಲ್ಲ.

ಸದ್ದಾಗದ ರೆಕ್ಕೆಯಿಂದ ಬೇಕೆಂದೇ ಸದ್ದು ಮಾಡುವ ಗೂಬೆಗಳೂ ಇವೆ, ಅಲ್ಲಿ ಮಾತ್ರ ಈ ಯಂತ್ರಕ್ಕೆ ಅವಕಾಶ. ಗಿಡ್ಡಕಿವಿ ಗೂಬೆಯ ಗಂಡು ಬಯಲಿನ ಮೇಲೆ ಎತ್ತರಕ್ಕೆ ಏರಿ, ಅಲ್ಲಿಂದ ಹೂಂಕರಿಸಿ, ಇಳಿಯುತ್ತಾ ಎರಡೂ ರೆಕ್ಕೆಗಳನ್ನು ಹೊಟ್ಟೆಯ ಕೆಳಗೆ ಪಟಪಟನೆ ಬಡಿಯುತ್ತದೆ. ಒದ್ದೆ ಬಟ್ಟೆ ಕೊಡವಿದ ಹಾಗಿರುತ್ತದೆ ಆ ಸದ್ದು. ಉದ್ದಕಿವಿ ಗೂಬೆಯೂ ಮರಗಳ ನಡುವೆ ಅಂಕುಡೊಂಕಾಗಿ ಹಾರುತ್ತಾ ರೆಕ್ಕೆ ಚಪ್ಪಾಳೆ ಹೊಡೆಯುತ್ತದೆ. ಸ್ಪೆಕ್ಟ್ರೋಗ್ರಾಮಿನಲ್ಲಿ ಇವು ಕೆಳಗಿನಿಂದ ಮೇಲಕ್ಕೆ ನಿಂತ ಸಣ್ಣ ಗೆರೆಗಳಾಗಿ ಕಾಣುತ್ತವೆ. ಮಳೆಹನಿ ಬಿದ್ದರೂ ಅದೇ ಗೆರೆ. ಹಿಂದೆ ಮುಂದೆ ಹೂಂಕಾರ ಇದ್ದರೆ ಮಾತ್ರ ನಂಬಿ.

ಮಿಕ್ಕವರ ವಿಷಯದಲ್ಲಿ ರೆಕಾರ್ಡರ್ ಪೂರ್ತಿ ಕುರುಡು. ಹಿಮಗೂಬೆಯ ಗಂಡು ಇಲಿಯಂಥ ಲೆಮ್ಮಿಂಗ್ ಒಂದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು, ರೆಕ್ಕೆಯನ್ನು ಮೇಲಕ್ಕೆ ಹಿಡಿದು ಅಲೆಯಂತೆ ಏರಿಳಿದು ಹಾರುತ್ತದೆ. ನೆಲಕ್ಕಿಳಿದ ಮೇಲೆ ಹೆಣ್ಣಿಗೆ ಬೆನ್ನು ಹಾಕಿ ಬಾಗಿ ನಿಲ್ಲುತ್ತದೆ. ಬಿಲಗೂಬೆಯ ಗಂಡು ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಗಂಟಲಿನ, ಹುಬ್ಬಿನ ಬಿಳಿ ಗರಿಗಳನ್ನು ತೋರಿಸುತ್ತದೆ. ಅದರ 'ಕೂ-ಕೂಊ' ನಮಗೆ ಸಿಗುತ್ತದೆ, ನಿಲುವು ಸಿಗುವುದಿಲ್ಲ. ಯುರೇಷಿಯಾದ ಕೊಂಬಿನ ಗೂಬೆ ಕೂಗುವಾಗ ಗಂಟಲು ಉಬ್ಬಿ ಬಿಳಿ ಪಟ್ಟಿ ಕಾಣುತ್ತದೆ. ಗೂಬೆ ಸಂಶೋಧಕ ವಿನ್ಸೆಂಜೊ ಪೆಂಟೆರಿಯಾನಿ ಮತ್ತು ಸಂಗಡಿಗರು ಈ ಪಟ್ಟಿಯ ಹೊಳಪಿನ ಮೇಲೆ ಕೆಲಸ ಮಾಡಿದ್ದಾರೆ. ನಿಶಾಚರಿಗೂ ಕಣ್ಣಿನ ಸಂಕೇತ ಬೇಕು ಅನ್ನುವುದು ಅವರ ಮಾತಿನ ತಿರುಳು. ಬೆಳದಿಂಗಳಿನಲ್ಲಿ ಈ ಗೂಬೆ ಹೆಚ್ಚು ಕೂಗುತ್ತದೆ ಅನ್ನುವುದನ್ನೂ ಅವರು ತೋರಿಸಿದ್ದಾರೆ. ಅಂದರೆ ಕೂಗು ಮತ್ತು ಮೈ ಎರಡೂ ಒಂದೇ ಸಂದೇಶದ ಭಾಗ. ನಾವು ಹಿಡಿಯುತ್ತಿರುವುದು ಕೂಗನ್ನು ಮಾತ್ರ. ಪರಸ್ಪರ ತಲೆಯ ಗರಿ ಕೆದಕಿಕೊಡುವುದು, ಕೊಕ್ಕಿಗೆ ಕೊಕ್ಕು ತಾಗಿಸುವುದು, ಜೋಡಿಯನ್ನು ಉಳಿಸುವ ಇಂಥ ಸಣ್ಣ ಉಪಚಾರಗಳಂತೂ ಬಹುಮಟ್ಟಿಗೆ ನಿಶ್ಶಬ್ದ. ಹಾಲಕ್ಕಿ ಅನ್ನುವ ಪುಟ್ಟ ಗೂಬೆಗಳು ಸಂಜೆ ಒಂದೇ ಕೊಂಬೆಯ ಮೇಲೆ ಅಂಟಿಕೂತು ಇದನ್ನೇ ಮಾಡುತ್ತಿರುತ್ತವೆ. ರೆಕಾರ್ಡರ್ ಕೇಳಿದರೆ ಅವು ಬರೀ ಜಗಳ ಆಡುತ್ತಿವೆ ಅನ್ನಿಸುತ್ತದೆ.

ಎದುರು ಏನಾದರೂ ಅಲುಗಾಡಿದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಜೋಡಿಸಿದರೆ ಆಗದೇ ಅಂತ ಕೇಳಬಹುದು. ಹಕ್ಕಿ ಬಂದು ಕೂರುವ ಒಂದು ಖಚಿತ ಕೊಂಬೆ ಗೊತ್ತಿದ್ದರೆ ಆದೀತು. ಹಾರಾಟಕ್ಕೆ ಆಗುವುದಿಲ್ಲ. ಅದು ಎಚ್ಚರವಾಗುವಷ್ಟರಲ್ಲಿ ಗೂಬೆ ಚೌಕಟ್ಟು ದಾಟಿರುತ್ತದೆ. ಸಂಜೆ ಬೆಳಕು ಇರುವಾಗ ದೂರದಲ್ಲಿ ಕೂತು ದುರ್ಬೀನಿನಲ್ಲಿ ನೋಡುವುದೇ ವಾಸಿ.

ಇನ್ನು ಸಣ್ಣಪುಟ್ಟ ಕಿರಿಕಿರಿಗಳು. ಮಳೆಗೆಂದು ಕೊಟ್ಟಿರುವ ಪ್ಲಾಸ್ಟಿಕ್ ಚೀಲ ಗಾಳಿಗೆ ಸರಸರ ಅನ್ನುತ್ತದೆ, ಹನಿ ಬಿದ್ದರೆ ತಮಟೆ. ಗಟ್ಟಿ ಡಬ್ಬಿಯನ್ನು ಬೇರೆಯಾಗಿ ಕೊಳ್ಳಬೇಕು. ಬ್ಯಾಟರಿ ಬದಲಿಸಿದಾಗ ಗಡಿಯಾರ ಮರೆತುಹೋಗುತ್ತದೆ, ಪ್ರತಿ ಸಲ ಕಂಪ್ಯೂಟರಿಗೆ ಜೋಡಿಸಿ ಸಮಯ ಕೂರಿಸಬೇಕು. ಸಂಜೆಯ ಕೂಗನ್ನು ತಾರೀಕು ತಾರೀಕಿಗೆ ಹೋಲಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ಇದರ ಬಗ್ಗೆ ಕಂಪನಿಗೆ ಬರೆದೆ. ಕೈಪಿಡಿ ಓದಿ ಅಂತ ಉತ್ತರ ಬಂತು. ಕೈಪಿಡಿಯಲ್ಲಿ ಆ ವಿಷಯವೇ ಇಲ್ಲ ಅಂತ ಮತ್ತೆ ಬರೆದೆ. ಉತ್ತರ ಇಲ್ಲ. ಮಳೆಗಾಲದಲ್ಲಿ ಜೀರುಂಡೆಗಳ ಗಲಾಟೆ 4 ಕಿಲೋಹರ್ಟ್ಜ್ ಮೇಲೆಲ್ಲ ಗೋಡೆ ಕಟ್ಟಿಬಿಡುತ್ತದೆ, ಕಣಜ ಗೂಬೆಯ ಕಿರುಚಾಟದ ಮೇಲ್ಭಾಗ ಅದರಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೆ ಯಂತ್ರವನ್ನು ಬೈದು ಉಪಯೋಗವಿಲ್ಲ.

ಸ್ಪೀಕರ್ ಇಲ್ಲ ಅಂತ ಕೆಲವರು ಅಂಕ ಕಡಿಮೆ ಕೊಟ್ಟಿದ್ದನ್ನು ನೋಡಿದೆ. ನಾನು ಅದಕ್ಕೆ ಅಂಕ ಜಾಸ್ತಿ ಕೊಡುತ್ತೇನೆ. ರೆಕಾರ್ಡ್ ಮಾಡಿದ ಕೂಗನ್ನು ಮತ್ತೆ ನುಡಿಸಿ ಗೂಬೆ ಕರೆಸುವುದು ಸುಲಭ. ಆದರೆ ಒಳಗಿರುವ ಜೋಡಿಗೆ ಅದು ಗಡಿಯೊಳಗೆ ನುಗ್ಗಿದ ಶತ್ರು. ಗಂಡು ಬೇಟೆ ಬಿಟ್ಟು ಕಾವಲಿಗೆ ಓಡುತ್ತಾನೆ, ಹೆಣ್ಣು ಕೆಲವೊಮ್ಮೆ ಗೂಡು ಬಿಟ್ಟೇ ಹೊರಗೆ ಬರುತ್ತಾಳೆ. ನಮ್ಮ ಎರಡು ನಿಮಿಷದ ಖುಷಿಗೆ ಅವರ ರಾತ್ರಿ ಹಾಳು. ಗೂಡಿನ ತೀರಾ ಹತ್ತಿರಕ್ಕೆ ರೆಕಾರ್ಡರ್ ಕಟ್ಟುವುದೂ ಬೇಡ. ದೊಡ್ಡ ಗೂಬೆಯ ಕೂಗು ದೂರದಿಂದಲೇ ಚೆನ್ನಾಗಿ ಸಿಗುತ್ತದೆ.

ನನ್ನ ಅಂಕ 5ಕ್ಕೆ 4. ಫಿಲ್ಟರ್, ಗಡಿಯಾರ, ಚೀಲ ಮೂರಕ್ಕೂ ಸೇರಿ ಒಂದು ಅಂಕ ಕಡಿತ. ಚಲನೆ ಸಿಗಲಿಲ್ಲ ಅಂತ ಕಡಿತ ಮಾಡಿಲ್ಲ, ಅದನ್ನು ಕೊಡುತ್ತೇವೆ ಅಂತ ಅವರು ಹೇಳಿಯೂ ಇರಲಿಲ್ಲ. ವಾರಾಂತ್ಯದ ಒಂದು ಸಂಜೆಗೆ ಗೂಬೆ ಕೇಳುವವರು ಇದನ್ನು ಕೊಳ್ಳುವ ಅಗತ್ಯವಿಲ್ಲ, ಕೈಯಲ್ಲಿರುವ ಫೋನ್ ಸಾಕು. ಒಂದೇ ಜೋಡಿಯನ್ನು ಇಡೀ ಋತು ಹಿಂಬಾಲಿಸುವವರು ಕೊಳ್ಳಿ. ಮುಂದಿನ ಮಾದರಿಯಲ್ಲಿ ಒಂದರ ಬದಲು ಎರಡು ಮೈಕ್ ಇಟ್ಟರೆ ನಾನು ಹಳೆಯದನ್ನು ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ. ಆಗ ಕೂಗು ಎಡದಿಂದ ಬಂತೋ ಬಲದಿಂದ ಬಂತೋ ಗೊತ್ತಾಗುತ್ತದೆ. ಗಂಡು ಕೂಗುತ್ತಾ ಹೆಣ್ಣಿನ ಕಡೆಗೆ ಸರಿದನೋ, ಅವಳೇ ಅವನ ಕಡೆಗೆ ಬಂದಳೋ ಅನ್ನುವುದು ಧ್ವನಿಯಿಂದಲೇ ಸ್ವಲ್ಪವಾದರೂ ತಿಳಿಯುತ್ತದೆ.